ಡಿಗ್ರಿ ಮುಗಿದ ಮೇಲೆ ಬಾಹ್ಯಾಕಾಶ ಡೇಟಾದ ಟ್ರೈನಿ ಆಗುವುದು: ಮಂಡ್ಯ, ಮೈಸೂರಿನವರಿಗೆ ಒಂದು ದಾರಿ

ನಮ್ಮೂರು ಪಾಂಡವಪುರದ ಹತ್ತಿರ. ಬೆಳಗ್ಗೆ ಪೇಪರ್ ಬಂದರೆ ತಾತ ಮೊದಲು ಹುಡುಕುತ್ತಿದ್ದುದು ಕನ್ನಂಬಾಡಿ ಕಟ್ಟೆಯ ಲೆಕ್ಕವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಿನ್ನೆಯದು, ಮೊನ್ನೆಯದು ಅವರ ತಲೆಯಲ್ಲೇ ಇರುತ್ತಿತ್ತು. 'ಕೊಡಗಲ್ಲಿ ಮಳೆ ಹಿಡ್ಕಂಡದೆ ಕಣವ್ವ, ನಾಳಿದ್ದೊತ್ಗೆ ಇನ್ನೂ ಏರ್ತದೆ' ಅನ್ನುತ್ತಿದ್ದರು. ಬಹಳ ಸಲ ಹಾಗೇ ಆಗುತ್ತಿತ್ತು.

ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಒಂದು ವರ್ಷದ ಟ್ರೈನಿ ಕೆಲಸ ಸಿಕ್ಕಿದಾಗ ತಾತ ಕೇಳಿದರು: 'ರಾಕೆಟ್ ಬುಡೋ ಕೆಲ್ಸವಾ ಮಗ?' 'ಇಲ್ಲ ತಾತ, ಸೂರ್ಯನಿಂದ ದಿನಾ ಎಷ್ಟು ಎಕ್ಸ್-ರೇ ಬಂತು ಅಂತ ಲೆಕ್ಕ ಇಡೋದು. ಕಟ್ಟೆ ಒಳಹರಿವು ಬರೆದಿಡ್ತಾರಲ್ಲ, ಹಂಗೆ' ಅಂದೆ. ಅವರಿಗೆ ಅಷ್ಟೇ ಸಾಕಾಯಿತು.

ಆ ವರ್ಷ ಮುಗಿಸಿ ಮೈಸೂರಿಗೆ ಬಂದ ಮೇಲೆ ಕಾಲೇಜು ಮಕ್ಕಳು ಬಂದು ಕೇಳುತ್ತಾರೆ: 'ಅಕ್ಕಾ, ಅದಕ್ಕೆ ಹೋಗೋದು ಹೇಗೆ?' ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುತ್ತಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಿ.ಇ., ಬಿ.ಎಸ್ಸಿ., ಎಂ.ಎಸ್ಸಿ., ಎಂ.ಸಿ.ಎ. ಕೊನೆಯ ವರ್ಷದಲ್ಲಿರುವವರು ಅರ್ಜಿ ಹಾಕುವುದಕ್ಕೆ ಆರು ತಿಂಗಳು ಮೊದಲೇ ಇದನ್ನು ಶುರು ಮಾಡಿದರೆ ಒಳ್ಳೆಯದು. ನಾನು ಹೇಳುವುದರ ತಿರುಳು ಒಂದೇ: ಅರ್ಜಿ ಬರೆಯುವ ಮೊದಲು, ನಿಮ್ಮ ಪರಿಚಯವೇ ಇಲ್ಲದವರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಓಡಿಸಬಹುದಾದ ಒಂದು ಪುಟ್ಟ ಟೂಲ್, ಅಂದರೆ ಒಂದೇ ಕೆಲಸ ಮಾಡುವ ಪ್ರೋಗ್ರಾಂ ಕಟ್ಟಿ.

ಮೊದಲು, ಕೆಲಸ ಯಾವ ಬಗೆಯದು

ಉಪಗ್ರಹದಿಂದ ಬರುವುದು ಚಿತ್ರವಲ್ಲ, ಗ್ರಾಫೂ ಅಲ್ಲ, ಬರೀ ಅಂಕಿಗಳ ಹೊಳೆ. ಅದರಲ್ಲಿ ಉಪಕರಣದ ಬಿಸಿ ತಂಪು, ವಿದ್ಯುತ್ತಿನ ಗದ್ದಲ, ಕಾಸ್ಮಿಕ್ ಕಿರಣದ ಪೆಟ್ಟು ಎಲ್ಲ ಬೆರೆತಿರುತ್ತದೆ. ಅದನ್ನು ಹಂತ ಹಂತವಾಗಿ ಶುದ್ಧ ಮಾಡಿ, ವಿಜ್ಞಾನಿಯ ಕೈಗೆ ಕೊಡಬಹುದಾದ ರೂಪಕ್ಕೆ ತರುವ ಪ್ರೋಗ್ರಾಂಗಳ ಸಾಲಿಗೆ ಪೈಪ್‌ಲೈನ್ ಎನ್ನುತ್ತಾರೆ. ಲೆವೆಲ್-0, ಲೆವೆಲ್-1, ಲೆವೆಲ್-2 ಎಂದು ಹಂತಗಳಿಗೆ ಹೆಸರು. ಆಲೆಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದ್ದೆಯಿಂದ ಬಂದ ಕಬ್ಬು ಲೆವೆಲ್-0, ಗಾಣದಿಂದ ಇಳಿದ ಕಬ್ಬಿನ ಹಾಲು ಲೆವೆಲ್-1, ಕೊಪ್ಪರಿಗೆಯಲ್ಲಿ ಕಾಯಿಸಿ ಕೊಳೆ ತೆಗೆದು ಅಚ್ಚಿಗೆ ಹೊಯ್ದ ಬೆಲ್ಲ ಲೆವೆಲ್-2. ಟ್ರೈನಿಗೆ ಸಿಗುವ ಕೆಲಸ ಹೆಚ್ಚಾಗಿ ಕೊಪ್ಪರಿಗೆಯ ಪಕ್ಕದ್ದು: ಕೊಳೆ ಸರಿಯಾಗಿ ಬಂತೇ ನೋಡುವ ಟೂಲ್, ಹಳೆಯ ಪ್ರೋಗ್ರಾಂ ಅನ್ನು ಹೊಸ ಭಾಷೆಗೆ ತರುವುದು, ಎರಡು ಉಪಕರಣಗಳ ಡೇಟಾವನ್ನು ಒಂದೇ ಗ್ರಾಫಿನಲ್ಲಿ ತೋರಿಸುವುದು.

ಯುರೋಪಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಇಂಥ ಪದವೀಧರ ಟ್ರೈನಿ ಹುದ್ದೆಗಳು ಬಹಳ ಹೆಸರುವಾಸಿ. ಮ್ಯಾಡ್ರಿಡ್ ಬಳಿಯ ಅವರ ಖಗೋಳ ಕೇಂದ್ರದಲ್ಲಿ ಗಾಯಾ, ಎಕ್ಸ್‌ಎಂಎಂ-ನ್ಯೂಟನ್ ಮುಂತಾದ ದೂರದರ್ಶಕಗಳ ಡೇಟಾ ಭಂಡಾರಗಳಿವೆ. ಆದರೆ ಆ ಹುದ್ದೆಗಳು ಮುಖ್ಯವಾಗಿ ಅವರ ಸದಸ್ಯ ರಾಷ್ಟ್ರಗಳ ಪ್ರಜೆಗಳಿಗೆ ಮೀಸಲು. ನಮ್ಮ ಮಕ್ಕಳು ಅದನ್ನು ನೋಡಿ ಆಸೆಪಟ್ಟು, ಆಮೇಲೆ ಕೈಬಿಡುವುದನ್ನು ಕಂಡಿದ್ದೇನೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಬಿಡದಿ ಸಿಗುತ್ತದಲ್ಲ, ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಬ್ಯಾಲಾಳು. ಚಂದ್ರಯಾನ-1ಕ್ಕಾಗಿ 2008ರಲ್ಲಿ ಕೆಲಸ ಶುರು ಮಾಡಿದ 32 ಮೀಟರ್ ಆಂಟೆನಾ ಇರುವುದು ಅಲ್ಲಿ. ಭಾರತೀಯ ಬಾಹ್ಯಾಕಾಶ ವಿಜ್ಞಾನ ಡೇಟಾ ಕೇಂದ್ರವೂ ಅಲ್ಲೇ. ಮಂಡ್ಯದಿಂದ ದಿನಾ ಪಾಸ್ ಇಟ್ಟುಕೊಂಡು ಓಡಾಡುವವರು ಆ ಭಂಡಾರದ ಪಕ್ಕದಲ್ಲೇ ಹಾದುಹೋಗುತ್ತಾರೆ.

ಹೆಜ್ಜೆ 1: ಡೇಟಾ ಇಳಿಸಿಕೊಳ್ಳಿ

ಆ ಕೇಂದ್ರದ 'ಪ್ರದಾನ್' ಎಂಬ ಪೋರ್ಟಲ್‌ನಲ್ಲಿ ಹೆಸರು, ಇ-ಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಚಂದ್ರಯಾನ-2, ಆದಿತ್ಯ-ಎಲ್1 ಮುಂತಾದವುಗಳ ಡೇಟಾ ಪುಕ್ಕಟೆ ಸಿಗುತ್ತದೆ. ಯಾರ ಶಿಫಾರಸೂ ಬೇಡ, ಕಾಲೇಜಿನ ಸಹಿಯೂ ಬೇಡ.

ಶುರು ಮಾಡುವವರಿಗೆ ನಾನು ಹೇಳುವುದು ಆದಿತ್ಯ-ಎಲ್1ರ ಸೋಲೆಕ್ಸ್ ಉಪಕರಣದ ಡೇಟಾ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿನ ಸುತ್ತಲಿನ ಕಕ್ಷೆ ಸೇರಿದ, ಸೂರ್ಯನನ್ನು ನೋಡುವ ನೌಕೆ ಅದು. ಸೋಲೆಕ್ಸ್ ಇಡೀ ಸೂರ್ಯನನ್ನು ಒಂದೇ ಚುಕ್ಕೆಯಂತೆ ನೋಡುತ್ತದೆ, ಬಂದ ಮೃದು ಎಕ್ಸ್-ರೇ ಕಣಗಳನ್ನು ಎಣಿಸುತ್ತದೆ. ಚಿತ್ರಗಳ ಗೋಜಿಲ್ಲ. ಸೆಕೆಂಡಿಗೊಂದು ಎಣಿಕೆ ಎಂದಿಟ್ಟುಕೊಂಡರೆ ದಿನಕ್ಕೆ 86,400 ಸಾಲು. 8 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಎಕ್ಸೆಲ್‌ನಲ್ಲಿ ಮಾಡುತ್ತೇನೆ ಎನ್ನುವವರಿಗೆ ಮಾತ್ರ ಒಂದು ಲೆಕ್ಕ: ಎಕ್ಸೆಲ್ ಹಾಳೆಗೆ 10,48,576 ಸಾಲುಗಳ ಮಿತಿ ಇದೆ, ಅಂದರೆ ಹನ್ನೆರಡು ದಿನ ಹಿಡಿಸುತ್ತದೆ, ಹದಿಮೂರನೆಯ ದಿನ ಹಿಡಿಸುವುದಿಲ್ಲ. ಆದ್ದರಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ.

ಚಿತ್ರ ಇಷ್ಟಪಡುವವರಿಗೆ ಕೊಡೈಕೆನಾಲ್ ವೀಕ್ಷಣಾಲಯದ ಸೂರ್ಯನ ಹಳೆಯ ಫೋಟೋ ಫಲಕಗಳಿವೆ. 20ನೇ ಶತಮಾನದ ಮೊದಲ ದಶಕದಿಂದ ತೆಗೆದವು ಅವು, ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಸೂರ್ಯಕಲೆಗಳನ್ನು ಎಣಿಸುವ ಟೂಲ್‌ಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ನಮ್ಮ ದೇಶದಲ್ಲಿ ಇಲ್ಲ. ನಕ್ಷತ್ರ ಬೇಕೆನ್ನುವವರು ಗಾಯಾದ ಮೂರನೇ ಡೇಟಾ ಬಿಡುಗಡೆಗೆ ಹೋಗಬಹುದು. 2022ರ ಜೂನ್ 13ರಂದು ಬಂದ ಅದರಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಕೃತ್ತಿಕೆಯ ಗುಂಪಿನ ನಕ್ಷತ್ರಗಳನ್ನು ದೂರ ಮತ್ತು ಚಲನೆಯ ಮೇಲೆ ಆರಿಸಿ ತೆಗೆಯುವುದು ಮೊದಲ ಅಭ್ಯಾಸಕ್ಕೆ ಚೆನ್ನಾಗಿರುತ್ತದೆ. ಮುಂದಿನ ಹೆಜ್ಜೆಗಳನ್ನು ನಾನು ಸೋಲೆಕ್ಸ್ ಇಟ್ಟುಕೊಂಡೇ ಹೇಳುತ್ತೇನೆ.

ಹೆಜ್ಜೆ 2: ಕಡತದ ತಲೆಬರಹ ಓದಿ

ಖಗೋಳದ ಡೇಟಾ ಹೆಚ್ಚಾಗಿ ಫಿಟ್ಸ್ ಎಂಬ ಮಾದರಿಯಲ್ಲಿ ಬರುತ್ತದೆ. 1981ರಲ್ಲಿ ಪ್ರಕಟವಾದ ಮಾದರಿ ಇದು. ಮೊದಲಿಗೆ ತಲೆಬರಹ, ಅಂದರೆ ಹೆಡರ್. ಸಾಲಿಗೆ ಸರಿಯಾಗಿ 80 ಅಕ್ಷರ, ಹಳೆಯ ಪಂಚ್ ಕಾರ್ಡಿನ ಅಳತೆಯದೇ. ಅಂಥ 36 ಸಾಲು ಸೇರಿದರೆ 2,880 ಬೈಟ್‌ನ ಒಂದು ಕಟ್ಟು. ಆಮೇಲೆ ಡೇಟಾ. ಪೈಥಾನ್‌ನಲ್ಲಿ ಆಸ್ಟ್ರೋಪೈ ಎಂಬ ಗ್ರಂಥಾಲಯ, ಅಂದರೆ ಸಿದ್ಧ ಪ್ರೋಗ್ರಾಂಗಳ ಕಟ್ಟು, ಹಾಕಿಕೊಂಡರೆ ಎರಡು ಸಾಲಿನಲ್ಲಿ ಕಡತ ತೆರೆಯುತ್ತದೆ. ಸೂರ್ಯನ ಕೆಲಸಕ್ಕೆ ಅದರ ಜೊತೆಗೆ ಸನ್‌ಪೈ.

ತೆರೆದ ತಕ್ಷಣ ಗ್ರಾಫ್ ಎಳೆಯಬೇಡಿ. ಹೆಡರನ್ನು ಪೂರ್ತಿ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆದುಕೊಳ್ಳಿ: ಯಾವ ಉಪಕರಣ, ಯಾವ ಹಂತದ ಡೇಟಾ, ಸಮಯದ ಸೊನ್ನೆ ಯಾವ ದಿನ, ಸಮಯದ ಪದ್ಧತಿ ಯಾವುದು, ಅಂಕಣದ ಮಾನ ಯಾವುದು. ಸಮಯದ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ನನ್ನ ವರ್ಷದ ಅತಿ ದೊಡ್ಡ ತಪ್ಪು ಅಲ್ಲೇ ಆಯಿತು.

ಒಂದೊಂದು ನೌಕೆಯೂ ತನ್ನದೇ ದಿನದಿಂದ ಸೆಕೆಂಡು ಎಣಿಸುತ್ತದೆ. ಉದಾಹರಣೆಗೆ 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ಗೆ 2010ರ ಜನವರಿ 1 ಸೊನ್ನೆ. ಆ ಸೆಕೆಂಡುಗಳನ್ನು 1970ರ ಜನವರಿ 1ರಿಂದ ಎಣಿಸಿದಂತೆ ಹೊಂದಿಸಿಕೊಂಡರೆ, ತಾರೀಖಿಗೆ ಬದಲಾಯಿಸಲು ಪೈಥಾನ್‌ನ ಫ್ರಮ್‌ಟೈಮ್‌ಸ್ಟ್ಯಾಂಪ್ ಎಂಬ ಫಂಕ್ಷನ್ ಇದೆ. ಯಾವ ಸಮಯ ವಲಯ ಎಂದು ನಾವು ಹೇಳದಿದ್ದರೆ ಅದು ಲ್ಯಾಪ್‌ಟಾಪ್ ಇರುವ ಊರಿನ ಸಮಯ ಕೊಡುತ್ತದೆ. ನನ್ನ ಲ್ಯಾಪ್‌ಟಾಪ್ ಇದ್ದದ್ದು ಕರ್ನಾಟಕದಲ್ಲಿ. ನಾನು ಪಟ್ಟಿ ಮಾಡಿದ ಸೌರಜ್ವಾಲೆಗಳೆಲ್ಲ, ಅಂದರೆ ಸೂರ್ಯನ ಮೇಲೆ ಥಟ್ಟನೆ ಆಗುವ ಸ್ಫೋಟಗಳೆಲ್ಲ, ಸರಿಯಾಗಿ ಐದೂವರೆ ಗಂಟೆ ಆಚೆಗೆ ಹೋಗಿ ಕೂತಿದ್ದವು. ಮೂರು ವಾರ ನನಗೆ ಗೊತ್ತಾಗಲಿಲ್ಲ. ಬೇರೆ ಉಪಗ್ರಹದ ಪಟ್ಟಿಯ ಜೊತೆ ಹೋಲಿಸಿದ ದಿನ, ಒಂದೂ ತಾಳೆಯಾಗದೆ ಹೋದಾಗ ಬೆವರು ಬಂತು. ಆ ಮೂರು ವಾರದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆ. ಅಂದಿನಿಂದ ನನ್ನ ಯಾವ ಪ್ರೋಗ್ರಾಂನಲ್ಲೂ ವಲಯ ನಮೂದಿಸದ ಸಮಯ ಇಲ್ಲ. ಎಲ್ಲವೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಅದೂ ಆಸ್ಟ್ರೋಪೈನ ಟೈಮ್ ಮೂಲಕವೇ.

ಅದರಲ್ಲೂ ಒಂದು ಸೂಕ್ಷ್ಮ. ಖಗೋಳದಲ್ಲಿ ಟಿಟಿ ಎಂಬ ಇನ್ನೊಂದು ಸಮಯ ಪದ್ಧತಿ ಇದೆ. ಅದಕ್ಕೂ ಯುಟಿಸಿಗೂ ಈಗ 69.184 ಸೆಕೆಂಡು ವ್ಯತ್ಯಾಸ. ನಿಮ್ಮ ಗ್ರಾಫ್ ಬೇರೆಯವರದಕ್ಕಿಂತ ಒಂದು ನಿಮಿಷ ಒಂಬತ್ತು ಸೆಕೆಂಡು ಆಚೀಚೆ ಇದ್ದರೆ ಕಾರಣ ಇದೇ ಎಂದು ಕಣ್ಣು ಮುಚ್ಚಿ ಹೇಳಬಹುದು. ಐದು ಸೆಕೆಂಡು ಆಚೀಚೆ ಇದ್ದರೆ ಸಂತೋಷಪಡಿ: ಎಲ್-1 ಭೂಮಿಗಿಂತ 15 ಲಕ್ಷ ಕಿಲೋಮೀಟರ್ ಸೂರ್ಯನ ಕಡೆಗಿದೆ, ಬೆಳಕು ಅಲ್ಲಿಗೆ ಸುಮಾರು ಐದು ಸೆಕೆಂಡು ಮೊದಲೇ ತಲುಪುತ್ತದೆ. ನಿಮ್ಮ ಟೂಲ್ ಅಷ್ಟನ್ನು ಹಿಡಿದರೆ ಅದು ನಿಜವಾಗಿ ಕೆಲಸ ಮಾಡುತ್ತಿದೆ.

ಹೆಜ್ಜೆ 3: ಒಂದೇ ಒಂದು ಟೂಲ್ ಕಟ್ಟಿ

ನಾನು ಸೂಚಿಸುವುದು ಜ್ವಾಲೆ ಹುಡುಕುವ ಟೂಲ್. ಒಂದು ದಿನದ ಕಡತ ಕೊಟ್ಟರೆ, ಜ್ವಾಲೆ ಯಾವಾಗ ಶುರು, ಯಾವಾಗ ಶಿಖರ, ಯಾವಾಗ ಮುಗಿಯಿತು ಎಂದು ಮೂರು ಅಂಕಣದ ಪಟ್ಟಿ ಕೊಡಬೇಕು. ಅಷ್ಟೇ. ಕೃತಕ ಬುದ್ಧಿಮತ್ತೆ, ನ್ಯೂರಲ್ ನೆಟ್‌ವರ್ಕ್ ಇತ್ಯಾದಿ ಈಗ ಬೇಡ. ಅವನ್ನು ತಂದವರ ಅರ್ಜಿಗಳಲ್ಲಿ ಮೂಲ ಲೆಕ್ಕವೇ ತಪ್ಪಿರುವುದನ್ನು ನೋಡಿದ್ದೇನೆ.

ಜ್ವಾಲೆಯ ಗ್ರಾಫ್ ನೋಡಿದರೆ ನಿಮಗೆ ತಕ್ಷಣ ಕನ್ನಂಬಾಡಿಯ ಒಳಹರಿವು ನೆನಪಾಗುತ್ತದೆ. ಕೊಡಗಿನಲ್ಲಿ ಜೋರು ಮಳೆಯಾದರೆ ಒಳಹರಿವು ಥಟ್ಟನೆ ಏರುತ್ತದೆ, ಇಳಿಯುವಾಗ ನಿಧಾನ. ಜ್ವಾಲೆಯೂ ಹಾಗೇ, ಕೆಲವು ನಿಮಿಷಗಳಲ್ಲಿ ಏರಿ ಹತ್ತಾರು ನಿಮಿಷ, ಕೆಲವೊಮ್ಮೆ ಗಂಟೆಗಟ್ಟಲೆ ಇಳಿಯುತ್ತದೆ. ಮಳೆಯಿಲ್ಲದಾಗಲೂ ಹೊಳೆಯಲ್ಲಿ ಒಂದಿಷ್ಟು ನೀರು ಇದ್ದೇ ಇರುತ್ತದಲ್ಲ, ಅದು ಇಲ್ಲಿ ಹಿನ್ನೆಲೆ. ಏರಿದ್ದು ಎಷ್ಟು ಎನ್ನಬೇಕಾದರೆ ಮೊದಲು ಅದನ್ನು ಕಳೆಯಬೇಕು.

ಕ್ರಮ ಹೀಗೆ. ಮೊದಲು ಉಪಕರಣ ಸರಿಯಾಗಿ ನೋಡುತ್ತಿದ್ದ ಅವಧಿಗಳ ಪಟ್ಟಿಯನ್ನು ಓದಿ. ಇದನ್ನು ಜಿಟಿಐ ಎನ್ನುತ್ತಾರೆ. ಆ ಅವಧಿಯ ಹೊರಗಿನ ಅಂಕಿಗಳನ್ನು ಖಾಲಿ ಎಂದು ಗುರುತಿಸಿ. ಖಾಲಿ ಜಾಗಕ್ಕೆ ಸೊನ್ನೆ ತುಂಬುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಸಾಮಾನ್ಯವಾದದ್ದು. ಕಟ್ಟೆಯ ಮಟ್ಟ ಬರೆಯುವವರು ಒಂದು ಭಾನುವಾರ ಬರಲಿಲ್ಲ ಎಂದು ಆ ದಿನಕ್ಕೆ ಸೊನ್ನೆ ಹಾಕಿದರೆ, ಕಟ್ಟೆ ಒಂದೇ ದಿನ ಬತ್ತಿ ಸೋಮವಾರ ತುಂಬಿತು ಎಂದಾಗುತ್ತದೆ. ನಿಮ್ಮ ಟೂಲ್ ಅಲ್ಲೊಂದು ದೊಡ್ಡ ಜ್ವಾಲೆ ಕಂಡಿತೆಂದು ಬರೆದುಬಿಡುತ್ತದೆ.

ಎರಡನೆಯದು, ಸೆಕೆಂಡುಗಳನ್ನು ನಿಮಿಷಗಳಾಗಿ ಕೂಡಿಸಿ. ಕಾರಣ ಎಣಿಕೆಯ ಸ್ವಭಾವದಲ್ಲಿದೆ. ಕಣಗಳನ್ನು ಎಣಿಸುವಾಗ ಎಣಿಕೆಯ ವರ್ಗಮೂಲದಷ್ಟು ಏರುಪೇರು ತಾನಾಗಿಯೇ ಇರುತ್ತದೆ. ಸೆಕೆಂಡಿಗೆ 16 ಕಣ ಬಂದರೆ ಏರುಪೇರು 4, ಅಂದರೆ ನೂರಕ್ಕೆ 25. ಅರವತ್ತು ಸೆಕೆಂಡು ಕೂಡಿಸಿದರೆ 960 ಕಣ, ಏರುಪೇರು ಸುಮಾರು 31, ನೂರಕ್ಕೆ ಮೂರರಷ್ಟು. ಅಲುಗಾಡುತ್ತಿದ್ದ ಗೆರೆ ನಿಲ್ಲುತ್ತದೆ. ಈ ಒಂದು ಲೆಕ್ಕ ಬಾಯಲ್ಲಿರಲಿ, ಸಂದರ್ಶನದಲ್ಲಿ ಇದು ಬರದೇ ಇರುವುದಿಲ್ಲ.

ಮೂರನೆಯದು, ನಿಯಮ. ಇದನ್ನು ನೀವೇ ಕಲ್ಪಿಸಿಕೊಳ್ಳಬೇಡಿ. ಅಮೆರಿಕದ ಗೋಸ್ ಉಪಗ್ರಹಗಳ ಜ್ವಾಲೆ ಪಟ್ಟಿಗೆ ಪ್ರಕಟವಾದ ನಿಯಮವಿದೆ: ಒಂದು ನಿಮಿಷದ ಡೇಟಾದಲ್ಲಿ ಸತತ ನಾಲ್ಕು ನಿಮಿಷ ಕಡಿದಾಗಿ ಏರಿದರೆ, ಆ ಸಾಲಿನ ಮೊದಲ ನಿಮಿಷ ಆರಂಭ. ಅತಿ ಎತ್ತರದ ನಿಮಿಷ ಶಿಖರ. ಶಿಖರಕ್ಕೂ ಜ್ವಾಲೆಯ ಮೊದಲಿದ್ದ ಹಿನ್ನೆಲೆಗೂ ನಡುವಿನ ಅರ್ಧಕ್ಕೆ ಇಳಿದಾಗ ಮುಕ್ತಾಯ. ಇದನ್ನೇ ಬಳಸಿದರೆ ನಿಮ್ಮ ಪಟ್ಟಿಯನ್ನು ಅವರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬಹುದು. ಜ್ವಾಲೆಗಳನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ವಿಂಗಡಿಸುತ್ತಾರೆ, ಒಂದೊಂದು ಅಕ್ಷರಕ್ಕೂ ಹತ್ತು ಪಟ್ಟು ಹೆಚ್ಚು. ನೆನಪಿಡಲು ಒಂದು ಘಟನೆ: 2024ರ ಮೇ 14ರ ಎಕ್ಸ್ 8.7 ಜ್ವಾಲೆ. ಶಿಖರ 16:51 ಯುಟಿಸಿಗೆ, ಅಂದರೆ ನಮ್ಮಲ್ಲಿ ರಾತ್ರಿ 10:21. ಮಂಡ್ಯದಲ್ಲಿ ಊಟ ಮುಗಿಸಿ ಮಲಗುವ ಹೊತ್ತು. ನಮಗೆ ಮುಳುಗಿದ ಸೂರ್ಯ ಉಪಗ್ರಹಕ್ಕೆ ಮುಳುಗಿರಲಿಲ್ಲ. ಅದಕ್ಕೆ ನಾಲ್ಕು ದಿನ ಮೊದಲು, ಮೇ 10-11ರ ರಾತ್ರಿ ಬಂದ ಸೌರ ಬಿರುಗಾಳಿಯಿಂದ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಗಿತ್ತು. ಈ ಅಂಕಿಗಳ ಹಿಂದೆ ಅಂಥದ್ದೆಲ್ಲ ಇರುತ್ತದೆ, ಅದನ್ನು ಮರೆಯಬಾರದು.

ನಾಲ್ಕನೆಯದು, ಹೋಲಿಕೆ. ಹತ್ತು ದಿನ ಆರಿಸಿ. ಗೋಸ್ ಪಟ್ಟಿಯಲ್ಲಿದ್ದು ನಿಮ್ಮಲ್ಲಿ ಇಲ್ಲದವು ಯಾವುವು, ನಿಮ್ಮಲ್ಲಿದ್ದು ಅಲ್ಲಿಲ್ಲದವು ಯಾವುವು, ಪ್ರತಿಯೊಂದಕ್ಕೂ ಕಾರಣ ಬರೆಯಿರಿ. ಕೆಲವು ಡೇಟಾದ ಬಿರುಕಿನಲ್ಲಿ ಬಿದ್ದಿರುತ್ತವೆ. ಕೆಲವು ಒಂದರ ಬಾಲದ ಮೇಲೆ ಇನ್ನೊಂದು ಏರಿರುತ್ತವೆ. ಇನ್ನು ಕೆಲವು ದೊಡ್ಡ ಜ್ವಾಲೆಗಳಲ್ಲಿ ಡಿಟೆಕ್ಟರ್‌ಗೆ ಎಣಿಸುವಷ್ಟು ಬಿಡುವೇ ಸಿಕ್ಕಿರುವುದಿಲ್ಲ. ಸೋಲೆಕ್ಸ್‌ನಲ್ಲಿ ದೊಡ್ಡ ಕಿಂಡಿಯದೊಂದು, ಸಣ್ಣ ಕಿಂಡಿಯದೊಂದು ಎಂದು ಎರಡು ಡಿಟೆಕ್ಟರ್ ಇಟ್ಟಿರುವುದು ಇದಕ್ಕಾಗಿಯೇ. ಸೂರ್ಯ ಶಾಂತನಾಗಿದ್ದಾಗ ದೊಡ್ಡದು, ಅಬ್ಬರಿಸಿದಾಗ ಸಣ್ಣದು. ಈ ಕಾರಣಗಳ ಪುಟವೇ ನಿಮ್ಮ ಅರ್ಜಿಯ ಜೀವ. ಟೂಲ್ ನೂರಕ್ಕೆ ಎಂಬತ್ತು ಹಿಡಿದಿದ್ದರೂ, ತಪ್ಪಿದ ಇಪ್ಪತ್ತು ಏಕೆ ತಪ್ಪಿದವು ಎಂದು ಹೇಳಬಲ್ಲವರನ್ನು ವಿಜ್ಞಾನಿಗಳು ನಂಬುತ್ತಾರೆ.

ಹೆಜ್ಜೆ 4: ಗೆಳತಿಯ ಲ್ಯಾಪ್‌ಟಾಪಿನಲ್ಲಿ ಓಡಿಸಿ

ಪ್ರೋಗ್ರಾಂ ಅನ್ನು ಮೊದಲ ದಿನದಿಂದಲೇ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಡಿ, ಗಿಟ್‌ಹಬ್ ಜಾಲತಾಣಕ್ಕೆ ಏರಿಸಿ. ಯಾವ ಗ್ರಂಥಾಲಯದ ಯಾವ ಆವೃತ್ತಿ ಬೇಕು ಎಂದು ಒಂದು ಕಡತದಲ್ಲಿ ಬರೆದಿಡಿ. ಕಡತಗಳ ಹಾದಿಯನ್ನು ಪ್ರೋಗ್ರಾಂ ಒಳಗೆ ಬರೆಯಬೇಡಿ. ನಿಮ್ಮ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರ್ ಜಗತ್ತಿನ ಬೇರಾರಲ್ಲೂ ಇಲ್ಲ.

ಪೈಟೆಸ್ಟ್ ಎಂಬ ಟೂಲ್ ಬಳಸಿ ನಾಲ್ಕೈದು ಪರೀಕ್ಷೆ ಬರೆಯಿರಿ. ನಿಮ್ಮದೇ ಕೈಯಿಂದ ಒಂದು ಸುಳ್ಳು ಜ್ವಾಲೆ ತಯಾರಿಸಿ, ಅದರ ಶಿಖರ 600ನೇ ನಿಮಿಷದಲ್ಲಿ ಇರಲಿ. ಟೂಲ್ 600 ಎಂದೇ ಹೇಳುತ್ತದೆಯೇ? ಬರೀ ಗದ್ದಲ ಕೊಟ್ಟರೆ ಏನೂ ಇಲ್ಲ ಎನ್ನುತ್ತದೆಯೇ? ಇಡೀ ದಿನ ಖಾಲಿ ಇದ್ದರೆ ಮುಗ್ಗರಿಸದೆ ನಿಲ್ಲುತ್ತದೆಯೇ?

ಆಮೇಲೆ ನಿಮ್ಮ ಗೆಳತಿಯನ್ನೋ ತಮ್ಮನನ್ನೋ ಕೂರಿಸಿ, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು, ಸೂಚನೆಯ ಪುಟ ಒಂದನ್ನೇ ನೋಡಿ ಓಡಿಸಲು ಹೇಳಿ. ನಾನು ಇದನ್ನು ಮಾಡಿದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಎಂ.ಸಿ.ಎ. ಓದುತ್ತಿದ್ದ ಗೆಳತಿಯ ಲ್ಯಾಪ್‌ಟಾಪಿನಲ್ಲಿ. ಮೂರನೇ ಸಾಲಿನಲ್ಲೇ ನಿಂತಿತು. ಅವಳದು ವಿಂಡೋಸ್, ನನ್ನದು ಲಿನಕ್ಸ್. ಅವಳು ಎಲ್ಲೆಲ್ಲಿ ತಡವರಿಸಿದಳೋ ಅಲ್ಲೆಲ್ಲ ಸೂಚನೆ ತಿದ್ದಿದೆ. ಸಂಜೆಯಾಗುವ ಹೊತ್ತಿಗೆ ಅವಳ ಪರದೆಯ ಮೇಲೂ ಅದೇ ಪಟ್ಟಿ ಬಂತು. ಆ ಸಂತೋಷ ಇನ್ನೂ ಇದೆ.

ಹೆಜ್ಜೆ 5: ಎಲ್ಲೆಲ್ಲಿ ಅರ್ಜಿ ಹಾಕಬಹುದು

ಉಪಕರಣ ಕಟ್ಟಿದವರ ಹತ್ತಿರವೇ ಅದರ ಡೇಟಾದ ಕೆಲಸ ಹೆಚ್ಚಿರುತ್ತದೆ. ಆದಿತ್ಯದ ಉಪಕರಣಗಳಲ್ಲಿ ವೆಲ್ಕ್ ಭಾರತೀಯ ಖಭೌತ ಸಂಸ್ಥೆಯದು, ಬೆಂಗಳೂರಿನ ಕೋರಮಂಗಲ. ಸೂಟ್ ಪುಣೆಯ ಅಯುಕಾ ಖಗೋಳ ಕೇಂದ್ರದ್ದು. ಆಸ್ಪೆಕ್ಸ್ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ್ದು. ಸೋಲೆಕ್ಸ್, ಹೆಲಿಯೋಸ್ ಎರಡೂ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ರಾಮನ್ ಸಂಶೋಧನಾ ಸಂಸ್ಥೆಯದು.

ದಾರಿಗಳು ಹಲವು. ಓದುತ್ತಿರುವವರಿಗೆ ಇಸ್ರೋದ ಇಂಟರ್ನ್‌ಶಿಪ್ ಮತ್ತು ವಿದ್ಯಾರ್ಥಿ ಪ್ರಾಜೆಕ್ಟ್ ಟ್ರೈನಿ ಯೋಜನೆಗಳಿವೆ. ಇಂಟರ್ನ್‌ಶಿಪ್ ಹೆಚ್ಚೆಂದರೆ 45 ದಿನ, ಎಂ.ಎಸ್ಸಿ., ಎಂ.ಟೆಕ್. ಪ್ರಾಜೆಕ್ಟ್ ಕನಿಷ್ಠ 120 ದಿನ. ಇದಕ್ಕೆ ಹಣ ಕೊಡುವುದಿಲ್ಲ, ಆದ್ದರಿಂದ ಬೆಂಗಳೂರಿನಲ್ಲಿ ಉಳಿಯುವ ಖರ್ಚನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಸಂಶೋಧನಾ ಸಂಸ್ಥೆಗಳ ಭೇಟಿ ವಿದ್ಯಾರ್ಥಿ ಯೋಜನೆಗಳು ಮತ್ತು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ದಸರಾ ಮುಗಿದ ಕೂಡಲೇ ವಾರಕ್ಕೊಮ್ಮೆ ಅವರ ಜಾಲತಾಣ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಡಿಗ್ರಿ ಮುಗಿದವರಿಗೆ ಪದವೀಧರ ಅಪ್ರೆಂಟಿಸ್ ಹುದ್ದೆಗಳು ಒಂದು ವರ್ಷದವು, ತಿಂಗಳಿಗೆ ಸ್ಟೈಪೆಂಡ್ ಇರುತ್ತದೆ. ಆದರೆ ಅಲ್ಲಿ ಡೇಟಾದ ಕೆಲಸವೇ ಸಿಗುತ್ತದೆಂದು ಹೇಳಲಾಗದು, ಯಾವ ವಿಭಾಗ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಸಂಶೋಧನಾ ಪ್ರಾಜೆಕ್ಟುಗಳ ಹುದ್ದೆ. ನೆಟ್ ಅಥವಾ ಗೇಟ್ ಪಾಸಾಗಿದ್ದರೆ ಕಿರಿಯ ಸಂಶೋಧಕರಾಗಿ ಸೇರಬಹುದು. 2023ರ ಜನವರಿಯಿಂದ ಅದಕ್ಕೆ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ ನಿಗದಿಯಾಗಿದೆ.

ಊರು ಬಿಡಲಾಗದವರಿಗೂ ದಾರಿ ಇದೆ. ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಓಪನ್ ಆಸ್ಟ್ರಾನಮಿ ಎಂಬ ಗುಂಪಿನಡಿ ಆಸ್ಟ್ರೋಪೈ, ಸನ್‌ಪೈನಂಥ ಯೋಜನೆಗಳು ಬರುತ್ತವೆ. ಮನೆಯಲ್ಲೇ ಕೂತು ಮಾಡಬಹುದು, ಹಣವೂ ಸಿಗುತ್ತದೆ. ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳಬೇಕಾದವರಿಗೆ, ಹೆಣ್ಣುಮಕ್ಕಳನ್ನು ದೂರ ಕಳಿಸಲು ಒಪ್ಪದ ಮನೆಯವರಿಗೆ ಇದನ್ನು ಮೊದಲು ಹೇಳುತ್ತೇನೆ.

ಹೆಜ್ಜೆ 6: ಪತ್ರ ಮತ್ತು ಸಂದರ್ಶನ

ಪತ್ರ ಒಂದು ಪುಟ ದಾಟಬಾರದು. ಚಿಕ್ಕಂದಿನಿಂದ ನಕ್ಷತ್ರ ನೋಡುತ್ತಿದ್ದೆ ಎಂಬ ಸಾಲು ಪ್ರತಿ ಅರ್ಜಿಯಲ್ಲೂ ಇರುತ್ತದೆ. ಅದರ ಬದಲು ಮೊದಲ ಸಾಲಿನಲ್ಲೇ ಬರೆಯಿರಿ: ನಾನು ಇಂಥ ಉಪಕರಣದ ಹತ್ತು ದಿನದ ಡೇಟಾ ಇಳಿಸಿ, ಜ್ವಾಲೆ ಹುಡುಕುವ ಟೂಲ್ ಬರೆದೆ. ಗೋಸ್ ಪಟ್ಟಿಯ ಇಷ್ಟರಲ್ಲಿ ಇಷ್ಟು ಸಿಕ್ಕವು, ಸಿಗದವುಗಳಿಗೆ ಕಾರಣ ಇಂಥದ್ದು, ಪ್ರೋಗ್ರಾಂ ಇಲ್ಲಿದೆ. ಶಿಫಾರಸು ಪತ್ರ ಬೇಕಿದ್ದರೆ ನಿಮ್ಮ ಮೇಷ್ಟ್ರಿಗೋ ಮೇಡಂಗೋ ಕನಿಷ್ಠ ಎರಡು ವಾರ ಮೊದಲು ಹೇಳಿ, ಟೂಲನ್ನು ಅವರ ಮುಂದೆ ಓಡಿಸಿ ತೋರಿಸಿ. ಆಗ ಅವರು ನಿಮ್ಮ ಬಗ್ಗೆ ನಿಜವಾದ ಮಾತು ಬರೆಯಬಲ್ಲರು. ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ ಬರುವುದು ತಡವಾಗಬಹುದು, ಫಲಿತಾಂಶ ಬಂದ ವಾರವೇ ಅವುಗಳಿಗೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಟ್ಟುಬಿಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಸಂದರ್ಶನಕ್ಕೆ ಹೆದರುತ್ತಾರೆ. ನಾನೂ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ವರ್ಗಮೂಲದ ಏರುಪೇರು ಏಕೆ, ಖಾಲಿ ಜಾಗ ಏನು ಮಾಡಿದಿರಿ, ಸಮಯ ಪದ್ಧತಿ ಯಾವುದು: ಈ ಮೂರನ್ನೂ ಮೊದಲು ಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ವಿವರಿಸಿ. ಅವರಿಗೆ ತಿಳಿದರೆ ನಿಮಗೆ ತಿಳಿದಿದೆ ಎಂದರ್ಥ. ಆಮೇಲೆ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿ ಅಭ್ಯಾಸ ಮಾಡಿ. ಸಂದರ್ಶನದಲ್ಲಿ ಕಾಗದ ಪೆನ್ನು ಕೇಳಿ, ಗ್ರಾಫ್ ಬರೆದು ತೋರಿಸಿ. ನನ್ನ ಭಾಷೆ ಎರಡು ಕಡೆ ತಡವರಿಸಿತು, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಜ್ಜೆ 7: ಆ ಒಂದು ವರ್ಷ

ಮೊದಲ ತಿಂಗಳು ಉಪಕರಣದ ಬಗ್ಗೆ ಪ್ರಕಟವಾದ ಲೇಖನಗಳನ್ನೂ ಹಳೆಯ ಪ್ರೋಗ್ರಾಂ ಅನ್ನೂ ಓದಿ. ಹಳೆಯದು ಅಸ್ತವ್ಯಸ್ತವಾಗಿ ಕಾಣುತ್ತದೆ, ಎಲ್ಲ ಹೊಸದಾಗಿ ಬರೆದುಬಿಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಆ ವಿಚಿತ್ರ ಸಾಲುಗಳಲ್ಲಿ ಅರ್ಧದಷ್ಟು ಯಾವುದೋ ಒಂದು ದಿನ ಉಪಕರಣದಲ್ಲಿ ಆದ ತೊಂದರೆಗೆ ಹಾಕಿದ ತೇಪೆಗಳು. ಯಾವ ತೇಪೆ ಏಕೆ ಎಂದು ಹಿರಿಯರನ್ನು ಕೇಳಿ ಬರೆದಿಟ್ಟರೆ, ಅದೇ ನಿಮ್ಮ ಮೊದಲ ಉಪಯುಕ್ತ ಕೆಲಸ.

ಸೂರ್ಯನ ಡೇಟಾದ ಬಹಳಷ್ಟು ಹಳೆಯ ಪ್ರೋಗ್ರಾಂಗಳು ಐಡಿಎಲ್ ಭಾಷೆಯಲ್ಲಿವೆ, ಅವನ್ನು ಪೈಥಾನ್‌ಗೆ ತರುವ ಕೆಲಸ ನಿಮಗೆ ಬಂದೇ ಬರುತ್ತದೆ. ಐಡಿಎಲ್‌ನಲ್ಲಿ ಚಿತ್ರದ ಮೊದಲ ಸೂಚ್ಯಂಕ ಅಡ್ಡಕ್ಕೆ, ಪೈಥಾನ್‌ನಲ್ಲಿ ಮೊದಲನೆಯದು ಉದ್ದಕ್ಕೆ. ಗಮನಿಸದಿದ್ದರೆ ಸೂರ್ಯನ ಪೂರ್ವ-ಪಶ್ಚಿಮ ಉತ್ತರ-ದಕ್ಷಿಣವಾಗುತ್ತದೆ, ಮತ್ತು ಸೂರ್ಯ ದುಂಡಗಿರುವುದರಿಂದ ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಒಂದೇ ಕಡತವನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು, ಬಂದ ಎರಡು ಉತ್ತರಗಳನ್ನು ಕಳೆದು ನೋಡಿ. ಸೊನ್ನೆ ಬರುವವರೆಗೆ, ಇಲ್ಲವೇ ಸೊನ್ನೆ ಏಕೆ ಬರಲಿಲ್ಲವೆಂದು ಬರೆದು ತೋರಿಸುವವರೆಗೆ ಮುಂದಿನ ಭಾಗಕ್ಕೆ ಹೋಗಬೇಡಿ.

ನಿಮ್ಮ ಟೂಲ್ ಬಳಸುವ ವಿಜ್ಞಾನಿಯ ಪಕ್ಕ ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಅವರ ಕೈ ಎಲ್ಲೆಲ್ಲಿ ಹೋಗುತ್ತದೆ ನೋಡಿ. ನಾನು ಎರಡು ತಿಂಗಳು ಕಷ್ಟಪಟ್ಟು ಬಣ್ಣ ಬಣ್ಣದ ಬಟನ್‌ಗಳ ಪರದೆ ಕಟ್ಟಿದ್ದೆ. ಅವರಿಗೆ ಬೇಕಿದ್ದದ್ದು ಪಟ್ಟಿಯನ್ನು ಒಂದು ಪಠ್ಯ ಕಡತಕ್ಕೆ ಉಳಿಸುವ ಸೌಲಭ್ಯ ಮಾತ್ರ. ಮೊದಲ ವಾರವೇ ಕೇಳಿದ್ದರೆ ಆ ಎರಡು ತಿಂಗಳು ಹಿನ್ನೆಲೆ ಕಳೆಯುವ ವಿಧಾನವನ್ನು ಸುಧಾರಿಸಲು ಸಿಗುತ್ತಿತ್ತು.

ಕೊನೆಯ ಆರು ವಾರ ಹೊಸದೇನೂ ಸೇರಿಸಬೇಡಿ. ಸೂಚನೆಯ ಪುಟ, ಪರೀಕ್ಷೆಗಳು, ಮಾದರಿಗೆ ಒಂದು ದಿನದ ಡೇಟಾ, ಇನ್ನೂ ಬಗೆಹರಿಯದ ತೊಂದರೆಗಳ ಪಟ್ಟಿ ಇವನ್ನು ತಯಾರಿಸಿ. ಸಂಸ್ಥೆಯವರು ಒಪ್ಪಿದರೆ ಆವೃತ್ತಿ 1.0 ಎಂದು ಗುರುತು ಹಾಕಿ ಜೆನೋಡೋ ಭಂಡಾರಕ್ಕೆ ಏರಿಸಿ. ಅಲ್ಲಿ ಪುಕ್ಕಟೆ ಸಿಗುವ ಡಿಒಐ ಸಂಖ್ಯೆಯನ್ನು ಹಿಡಿದು ಬೇರೆಯವರು ತಮ್ಮ ಲೇಖನದಲ್ಲಿ ನಿಮ್ಮ ಟೂಲನ್ನು ಹೆಸರಿಸಬಹುದು. ನಿಮ್ಮ ನಂತರ ಬರುವ ಟ್ರೈನಿಯ ಜೊತೆ ಒಂದು ವಾರವಾದರೂ ಕೂರುವಂತೆ ದಿನ ಹೊಂದಿಸಿ. ಅವರು ಟೂಲನ್ನು ಹೊಸದಾಗಿ ಹಾಕಿಕೊಂಡು ಓಡಿಸುವಾಗ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತುಕೊಳ್ಳಿ, ಅವರು ನಿಂತಲ್ಲೆಲ್ಲ ಸೂಚನೆ ತಿದ್ದಿ.